ದಂಗೆ ಎಂದವರಾರು, ಸಂಗ್ರಾಮ ಎಂದವರಾರು

1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಎದುರು ನಡೆದದ್ದೇನು ಎಂಬುದರ ಬಗ್ಗೆ ದೊಡ್ಡ ತಕರಾರೇನೂ ಇಲ್ಲ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಸತ್ತ. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲಕ್ಕೆ ತಂದು ಸೆರೆಯಲ್ಲಿಟ್ಟರು. 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಒಪ್ಪದಿರುವುದು ಇದಕ್ಕೆ ಇಡಬೇಕಾದ ಹೆಸರನ್ನು. ದಂಗೆಯೋ, ಬಂಡಾಯವೋ, ಯುದ್ಧವೋ, ಸ್ವಾತಂತ್ರ್ಯ ಸಂಗ್ರಾಮವೋ? ಕಿತ್ತೂರು ಉತ್ಸವದ ವೇದಿಕೆಯ ಮೇಲೆ ನಿಂತವರಿಗೆ ಇದು ಪ್ರಶ್ನೆಯೇ ಅಲ್ಲ. ವಿಶ್ವಕೋಶದಲ್ಲಿ ಒಂದು ಸಾಲು ಬರೆಯಲು ಕೂತವರಿಗೆ ಮಾತ್ರ ರಾತ್ರಿ ಹನ್ನೆರಡಾದರೂ ಬಗೆಹರಿಯದ ಪ್ರಶ್ನೆ.

ಹಾಗೆ ಕೂರುವವರು ಯಾರು? ಸಂಬಳವಿಲ್ಲದ, ಗೌರವಧನವಿಲ್ಲದ, ಮುಖಪುಟದಲ್ಲಿ ಹೆಸರೂ ಅಚ್ಚಾಗದ ಜನ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಈಗ ಅದರಲ್ಲಿ 30 ಸಾವಿರ ದಾಟಿ ಲೇಖನಗಳಿವೆ. ಮಾಸ್ತರರು, ಎಂಜಿನಿಯರರು, ಬ್ಯಾಂಕಿನವರು, ಕಾಲೇಜು ಹುಡುಗ ಹುಡುಗಿಯರು, ನಿವೃತ್ತರು ಊಟವಾದ ಮೇಲೆ ಕೂತು ಬರೆದದ್ದು ಅದೆಲ್ಲ. ಬರೆಯುವುದು ಎನ್ನುವುದಕ್ಕಿಂತ ತಿದ್ದುವುದು ಎಂದರೆ ಸರಿ. ಈ ಕಸುಬಿನಲ್ಲಿ ಮೊದಲ ಸಲ ಬರೆದವನಿಗಿಂತ ಹತ್ತನೆಯ ಸಲ ತಿದ್ದಿದವನ ಕೈ ದೊಡ್ಡದು.

ಓದುಗರು ಸಾಮಾನ್ಯವಾಗಿ ನೋಡುವುದು ಲೇಖನವನ್ನಷ್ಟೇ. ಅದರ ನೆತ್ತಿಯ ಮೇಲೆ ಇನ್ನೂ ಎರಡು ಬಾಗಿಲುಗಳಿವೆ: ‘ಚರ್ಚೆ’ ಮತ್ತು ‘ಇತಿಹಾಸ ನೋಡಿ’. ಇತಿಹಾಸ ಒತ್ತಿದರೆ ಲೇಖನ ಹುಟ್ಟಿದ ದಿನದಿಂದ ಇವತ್ತಿನವರೆಗೆ ಯಾರು, ಯಾವಾಗ, ಯಾವ ಅಕ್ಷರ ಸೇರಿಸಿದರು, ಯಾವುದನ್ನು ಕಿತ್ತರು ಎಂಬ ಲೆಕ್ಕ ಸಿಗುತ್ತದೆ. ಒಂದು ಅಲ್ಪವಿರಾಮ ಹಾಕಿದ್ದೂ ಅಲ್ಲಿ ದಾಖಲು. ಚರ್ಚೆ ಒತ್ತಿದರೆ ಆ ಅಕ್ಷರಗಳಿಗಾಗಿ ನಡೆದ ಜಗಳ. ಒಂದೇ ಲೇಖನಕ್ಕೆ ಸೀಮಿತವಲ್ಲದ, ಊರಿಗೆಲ್ಲ ಸಂಬಂಧಿಸಿದ ಜಗಳಗಳಿಗೆ ಬೇರೆ ಜಾಗವಿದೆ. ಅದಕ್ಕೆ ಕನ್ನಡ ವಿಕಿಪೀಡಿಯದವರು ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದ್ದಾರೆ. ಬಲು ಚಂದದ ಹೆಸರು. ನಮ್ಮ ಕಡೆಯ ಊರುಗಳಲ್ಲಿ ತಂಟೆ ತಕರಾರು ಬಗೆಹರಿಯುತ್ತಿದ್ದುದೂ, ಹೊಸದಾಗಿ ಹುಟ್ಟುತ್ತಿದ್ದುದೂ ಅಲ್ಲಿಯೇ ಅಲ್ಲವೆ?

ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಕೂತು ಬರೆದರು. ಅದು ಸಾಹಸ. ಆದರೆ ಅಲ್ಲಿ ಕಾರಂತರು ಯಾವ ಶಬ್ದ ಬೇಡವೆಂದು ಬಿಟ್ಟರು, ಏಕೆ ಬಿಟ್ಟರು ಎಂಬುದು ಕಾರಂತರ ತಲೆಯಲ್ಲೇ ಉಳಿಯಿತು. ಇಲ್ಲಿ ಬಿಟ್ಟ ಶಬ್ದವೂ ಕಾರಣದ ಸಮೇತ ಉಳಿದುಕೊಳ್ಳುತ್ತದೆ. ಸ್ವಯಂಸೇವಕರ ಈ ವಿಶ್ವಕೋಶದಲ್ಲಿ ನನಗೆ ಬಹಳ ಮೆಚ್ಚುಗೆಯಾಗುವುದು ಇದೇ.

ಶಬ್ದಕ್ಕಾಗಿ ಜಗಳವಾಡುವುದನ್ನು ಒಂದು ವಿದ್ಯೆಯ ಮಟ್ಟಕ್ಕೆ ಏರಿಸಿದವರು ಜರ್ಮನ್ ಸಂಗತಿಗಳ ಮೇಲೆ ಕೆಲಸ ಮಾಡುವ ಸಂಪಾದಕರು. ಇಂಗ್ಲಿಷ್ ವಿಕಿಪೀಡಿಯ 2001ರ ಜನವರಿಯಲ್ಲಿ ಹುಟ್ಟಿತು. ಎರಡೇ ತಿಂಗಳಲ್ಲಿ, ಮಾರ್ಚ್‌ನಲ್ಲಿ, ಜರ್ಮನ್ ಆವೃತ್ತಿ ಬಂತು. ಹೊಸಬರು ಮಾಡಿದ ತಿದ್ದುಪಡಿಯನ್ನು ಅನುಭವಿಯೊಬ್ಬ ಕಣ್ಣಾಡಿಸಿ ಒಪ್ಪಿದ ಮೇಲೆಯೇ ಓದುಗರಿಗೆ ತೋರಿಸುವ ವ್ಯವಸ್ಥೆಯನ್ನು ಅವರು 2008ರಿಂದಲೇ ಇಟ್ಟುಕೊಂಡಿದ್ದಾರೆ. ಇಷ್ಟು ಬಿಗಿ ಏಕೆಂದರೆ ಇಪ್ಪತ್ತನೆಯ ಶತಮಾನ ಆ ಭಾಷೆಯ ಎಷ್ಟೋ ಸಾದಾ ಶಬ್ದಗಳ ಒಳಗೆ ಮದ್ದು ತುಂಬಿಟ್ಟು ಹೋಗಿದೆ. ಬೇರೆ ಭಾಷೆಗೆ ತರುವಾಗ ಅವು ಯಾವ ಕೈಯಲ್ಲಿ ಸಿಡಿಯುತ್ತವೆಯೋ ಹೇಳಲಾಗದು.

‘ರೈಖ್’ ಎಂಬ ಶಬ್ದವನ್ನೇ ನೋಡಿ. ಅವಸರದ ಅನುವಾದಕ ‘ಸಾಮ್ರಾಜ್ಯ’ ಎಂದು ಬರೆದು ಮುಂದೆ ಹೋಗುತ್ತಾನೆ. ಆದರೆ 1871ರಿಂದ ಜರ್ಮನಿಯ ಅಧಿಕೃತ ಹೆಸರಿನಲ್ಲಿದ್ದ ಆ ಶಬ್ದ, 1918ರಲ್ಲಿ ಕೈಸರ್ ಓಡಿಹೋದ ಮೇಲೂ ಹೋಗಲಿಲ್ಲ. 1919ರ ವೈಮಾರ್ ಸಂವಿಧಾನದ ಮೊದಲ ವಿಧಿಯೇ ಜರ್ಮನ್ ರೈಖ್ ಒಂದು ಗಣರಾಜ್ಯ ಎಂದು ಸಾರುತ್ತದೆ. ಕನ್ನಡದಲ್ಲಿ ‘ಜರ್ಮನ್ ಸಾಮ್ರಾಜ್ಯವು ಒಂದು ಗಣರಾಜ್ಯ’ ಎಂದು ಬರೆದರೆ ಓದಿದವರು ನಕ್ಕಾರು. ಒಳ್ಳೆಯ ಸಂಪಾದಕ ಇಲ್ಲಿ ಶಬ್ದವನ್ನು ಅನುವಾದಿಸುವ ಹಟ ಬಿಡುತ್ತಾನೆ. ‘ರೈಖ್’ ಎಂದೇ ಉಳಿಸಿ, ಮೊದಲ ಸಲ ಬಂದಲ್ಲಿ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ, ಮುಂದೆ ಕಾಲಕ್ಕೆ ತಕ್ಕಂತೆ ‘ಕೈಸರನ ಜರ್ಮನಿ’, ‘ವೈಮಾರ್ ಗಣರಾಜ್ಯ’, ‘ನಾತ್ಸಿ ಜರ್ಮನಿ’ ಎಂದು ಬಳಸುತ್ತಾನೆ.

ಇನ್ನೂ ಸೂಕ್ಷ್ಮವಾದದ್ದು 1933ರ ಜನವರಿ 30. ಅಂದು ನಡೆದದ್ದಕ್ಕೆ ಜರ್ಮನ್ನರಲ್ಲಿ ಮೂರು ಹೆಸರುಗಳಿವೆ. ಅಧಿಕಾರವನ್ನು ಕಿತ್ತುಕೊಂಡದ್ದು ಎನ್ನುವ ‘ಮಾಖ್ಟ್‌ಎರ್‌ಗ್ರೈಫುಂಗ್’; ಅಧಿಕಾರ ವಹಿಸಿಕೊಂಡದ್ದು ಎನ್ನುವ ಇನ್ನೊಂದು; ಅಧಿಕಾರವನ್ನು ಕೈಗಿತ್ತದ್ದು ಎನ್ನುವ ಮಗದೊಂದು. ಕಿತ್ತುಕೊಂಡರು ಎಂದರೆ ಕೊಟ್ಟವರು ಪಾರಾಗುತ್ತಾರೆ. ವಹಿಸಿಕೊಂಡರು ಎಂದರೆ ನಮ್ಮ ತಹಶೀಲ್ದಾರರು ಹೊಸದಾಗಿ ಬಂದು ಚಾರ್ಜ್ ತೆಗೆದುಕೊಂಡಂತೆ ಎಲ್ಲವೂ ಸಹಜ. ಕೈಗಿತ್ತರು ಎಂದರೆ ಮುದುಕ ಅಧ್ಯಕ್ಷ ಹಿಂಡೆನ್‌ಬರ್ಗ್ ಮತ್ತು ಅವನ ಸುತ್ತಲಿನವರು ಕಟಕಟೆಗೆ ಬರುತ್ತಾರೆ. ಮೂರು ಶಬ್ದ, ಮೂರು ತೀರ್ಪು. ಜರ್ಮನ್ ವಿಕಿಪೀಡಿಯ ಇವುಗಳಲ್ಲಿ ಹೆಚ್ಚು ಬಳಕೆಯದನ್ನು ತಲೆಬರಹಕ್ಕಿಟ್ಟು, ಆ ಶಬ್ದದ ಮೇಲಿರುವ ಆಕ್ಷೇಪವನ್ನು ಲೇಖನದ ಒಳಗೇ ವಿವರಿಸುತ್ತದೆ. ಕನ್ನಡಕ್ಕೆ ತರುವವರಿಗೆ ಇನ್ನೂ ಸುಲಭದ ದಾರಿಯೊಂದಿದೆ: ಹೆಸರಿನ ಗೊಡವೆ ಬಿಟ್ಟು ಕ್ರಿಯೆಯನ್ನು ಹೇಳುವುದು. ‘1933ರ ಜನವರಿ 30ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ಹಿಟ್ಲರನನ್ನು ಚಾನ್ಸಲರ್ ಆಗಿ ನೇಮಿಸಿದ.’ ಮಾಡಿದವ ಯಾರು, ಏನು ಮಾಡಿದ, ಯಾವ ದಿನ ಎಂಬುದೆಲ್ಲ ಅದರಲ್ಲೇ ಬಂತು.

1938ರ ನವೆಂಬರ್ 9 ಮತ್ತು 10ರ ಮಾತು ಬಂದರೆ ಕನ್ನಡದವರಿಗೇ ವಿಶೇಷವಾದ ಒಂದು ತೊಡಕಿದೆ. ಇಂಗ್ಲಿಷ್‌ನಲ್ಲಿ ಅದು ಇಂದಿಗೂ ‘ಕ್ರಿಸ್ಟಲ್‌ನಾಖ್ಟ್’, ಅಂದರೆ ಗಾಜು ಚೂರಾದ ರಾತ್ರಿ. ಒಡೆದದ್ದು ಗಾಜು ಮಾತ್ರವೇ ಎಂದು ಕೇಳಿದ ಜರ್ಮನ್ ಸಂಪಾದಕರು ತಮ್ಮ ಲೇಖನಕ್ಕೆ ‘1938ರ ನವೆಂಬರ್ ಪೊಗ್ರೊಮ್‌ಗಳು’ ಎಂಬ ತಲೆಬರಹ ಇಟ್ಟುಕೊಂಡಿದ್ದಾರೆ. ಸುಮಾರು 30 ಸಾವಿರ ಯಹೂದಿ ಗಂಡಸರನ್ನು ಶಿಬಿರಗಳಿಗೆ ಅಟ್ಟಿದ ಘಟನೆಗೆ ಗಾಜಿನ ಹೆಸರು ಒಗ್ಗದು ಎಂಬ ಅವರ ವಾದ ನನಗೆ ಒಪ್ಪಿಗೆ. ಕನ್ನಡದಲ್ಲಿ ಪೊಗ್ರೊಮ್‌ಗೆ ಏನೆನ್ನಬೇಕು? ಪತ್ರಿಕೆ ಓದಿ ರೂಢಿಯಾದ ಕೈ ‘ಗಲಭೆ’ ಎಂದು ಬರೆದುಬಿಡುತ್ತದೆ. ಗಲಭೆ ಎಂದಕೂಡಲೇ ನಮಗೆ ಎರಡು ಗುಂಪು, ಎರಡೂ ಕಡೆ ಕಲ್ಲು, ನಡುವೆ ಪೊಲೀಸರು ಕಣ್ಣಿಗೆ ಬರುತ್ತಾರೆ. ಅಲ್ಲಿ ಹೊಡೆದವರು ಒಂದು ಕಡೆ, ಹೊಡೆಸಿಕೊಂಡವರು ಇನ್ನೊಂದು ಕಡೆ. ಸರಕಾರ ಹೊಡೆದವರ ಕಡೆ. ಆದ್ದರಿಂದ ‘ಯಹೂದಿಗಳ ಮೇಲೆ ನಾತ್ಸಿಗಳು ನಡೆಸಿದ ಸಂಘಟಿತ ದಾಳಿ’ ಎಂದು ಉದ್ದವಾಗಿಯೇ ಬರೆಯಬೇಕು. ಉದ್ದವಾಯಿತು ಎಂದು ಮೊಟಕು ಮಾಡುವವನಿಗೆ ಚರ್ಚೆ ಪುಟದಲ್ಲಿ ಯಾರಾದರೂ ತಡೆ ಹಾಕುತ್ತಾರೆ, ಹಾಕಲೇಬೇಕು.

ಊರ ಹೆಸರಿಗಾಗಿ ನಡೆದ ಜಗಳದ ಕತೆಯೂ ಒಂದಿದೆ. ಇಂದು ಪೋಲೆಂಡಿನಲ್ಲಿರುವ ಗ್ದಾನ್ಸ್ಕ್ ಪಟ್ಟಣ ಜರ್ಮನ್ನರ ಬಾಯಲ್ಲಿ ಡಾನ್‌ಜಿಗ್. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಬ್ಬ ಒಂದು ಹೆಸರು ಬರೆದರೆ ಇನ್ನೊಬ್ಬ ಅಳಿಸಿ ಇನ್ನೊಂದು ಬರೆಯುವುದು ಬಹಳ ಕಾಲ ನಡೆಯಿತು. ಕೊನೆಗೆ 2005ರಲ್ಲಿ ಮತ ಹಾಕಿ ನಿರ್ಧಾರಕ್ಕೆ ಬಂದರು: 1308ರಿಂದ 1945ರವರೆಗಿನ ಸಂಗತಿ ಹೇಳುವಾಗ ಡಾನ್‌ಜಿಗ್, ಉಳಿದ ಕಾಲಕ್ಕೆ ಗ್ದಾನ್ಸ್ಕ್. ಯಾರ ಊರು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಯಾವ ಕಾಲದ ಮಾತು ಎಂಬ ಪ್ರಶ್ನೆ ಕೇಳಿದ್ದು ಅವರ ಜಾಣತನ.

ಬೆಳಗಾವಿ ಜಿಲ್ಲೆಯವರಿಗೆ ಇದನ್ನೆಲ್ಲ ಬಹಳ ಬಿಡಿಸಿ ಹೇಳಬೇಕಿಲ್ಲ. 2014ರ ನವೆಂಬರ್ 1ರಂದು ‘ಬೆಳಗಾಂ’ ಅಧಿಕೃತವಾಗಿ ‘ಬೆಳಗಾವಿ’ ಆಯಿತು. 2021ರಲ್ಲಿ ‘ಮುಂಬೈ ಕರ್ನಾಟಕ’ ಹೋಗಿ ‘ಕಿತ್ತೂರು ಕರ್ನಾಟಕ’ ಬಂತು. ಇನ್ನು ‘ಏಕೀಕರಣ’ ಎಂಬ ಶಬ್ದ: ಕನ್ನಡಿಗರಿಗೆ ಅದು 1956, ಆಲೂರು ವೆಂಕಟರಾಯರು, ಹುಯಿಲಗೋಳ ನಾರಾಯಣರಾಯರು. ಅದೇ ಬೆಳಗಾವಿಯ ಬೀದಿಯಲ್ಲಿ ಅದೇ ಶಬ್ದವನ್ನು ಹೆಸರಿನಲ್ಲಿಟ್ಟುಕೊಂಡ ಮಹಾರಾಷ್ಟ್ರ ಏಕೀಕರಣ ಸಮಿತಿಗೆ ಅದರ ಅರ್ಥ ನೇರ ತಿರುಗುಮುರುಗು. ಒಂದೇ ಶಬ್ದ ರಸ್ತೆಯ ಈ ಬದಿಗೆ ಒಂದು, ಆ ಬದಿಗೆ ಇನ್ನೊಂದು. ಈಗ 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ಸೇರಿಸಿಕೊಂಡ ‘ಆನ್‌ಶ್ಲುಸ್’ ಅನ್ನು ಕನ್ನಡಕ್ಕೆ ತರುವಾಗ ‘ಏಕೀಕರಣ’ ಎಂದು ಬರೆದರೆ ಏನಾಗುತ್ತದೆ? ನಮ್ಮ ಅಜ್ಜಂದಿರ ಹೋರಾಟದ ಗೌರವವನ್ನೆಲ್ಲ ತೆಗೆದು ಅದರ ಹೆಗಲಿಗೆ ಹೊದಿಸಿದಂತೆ. ‘ವಿಲೀನ’ ಎಂದರೂ ರಾಮದುರ್ಗ, ಜಮಖಂಡಿ ಸಂಸ್ಥಾನಗಳ ನೆನಪು. 1990ರಲ್ಲಿ ಎರಡು ಜರ್ಮನಿಗಳು ಒಂದಾದದ್ದಕ್ಕೆ ‘ಏಕೀಕರಣ’ ಹೊಂದುತ್ತದೆ, 1938ರದ್ದಕ್ಕೆ ಹೊಂದದು. ನಿಘಂಟು ಇಲ್ಲಿ ನೆರವಿಗೆ ಬಾರದು. ಧಾರವಾಡ ಮಂಗಳೂರುಗಳಲ್ಲಿ ಬಾಳಿದ ಜರ್ಮನ್ ಪಾದ್ರಿ ಕಿಟೆಲ್ 1894ರಲ್ಲಿ ಕೊಟ್ಟ ಮಹಾನಿಘಂಟಿನಿಂದ ಹಿಡಿದು ಇಂದಿನವರೆಗೆ ಎಲ್ಲ ನಿಘಂಟುಗಳೂ ಶಬ್ದದ ಅರ್ಥ ಹೇಳುತ್ತವೆ. ಆ ಶಬ್ದ ಯಾರ ಬಾಯಲ್ಲಿ ಹೇಗೆ ಕೇಳುತ್ತದೆ ಎಂಬುದು ಊರಲ್ಲಿ ಬೆಳೆದವರಿಗಷ್ಟೇ ಗೊತ್ತು.

ಯಂತ್ರಕ್ಕಂತೂ ಗೊತ್ತಿಲ್ಲ. 2009ರ ಸುಮಾರಿಗೆ ಗೂಗಲ್ ತನ್ನ ಅನುವಾದ ಸಲಕರಣೆ ಬಳಸಿ ಹಿಂದಿ, ತಮಿಳು, ತೆಲುಗು, ಬಂಗಾಳಿ, ಕನ್ನಡ ಮುಂತಾದ ಭಾಷೆಗಳ ವಿಕಿಪೀಡಿಯಕ್ಕೆ ಉದ್ದುದ್ದ ಲೇಖನಗಳನ್ನು ತುಂಬಿಸಿತು. ಬಂಗಾಳಿಯವರು ಬೇಡ ಎಂದು ಬಾಗಿಲು ಹಾಕಿದರು. ನಮ್ಮಲ್ಲಿ ಅವು ಬಂದು ಕೂತವು. ಅವುಗಳಲ್ಲಿ ‘-ಲಾಗುತ್ತದೆ’, ‘-ಲ್ಪಟ್ಟಿತು’ಗಳ ಸಾಲು ಸಾಲು. ಭಾಷೆ ಕೆಟ್ಟಿತು ಎಂಬುದು ಅರ್ಧ ದೂರು ಮಾತ್ರ. ‘ಪರಿಗಣಿಸಲಾಗುತ್ತದೆ’ ಎಂದಾಗ ಪರಿಗಣಿಸಿದವನು ತಪ್ಪಿಸಿಕೊಂಡ. ವಿಶ್ವಕೋಶದಲ್ಲಿ ಹಿಡಿಯಬೇಕಾದ ಆಸಾಮಿಯೇ ಅವನು.

ಈ ಎಚ್ಚರವಿಟ್ಟುಕೊಂಡು ಕಿತ್ತೂರಿಗೆ ಬರೋಣ. ಇಂಗ್ಲಿಷ್ ಗೆಜೆಟಿಯರ್ ಮುಂದಿಟ್ಟುಕೊಂಡ ಅನುವಾದಕ ‘ಕಿತ್ತೂರಿನ ದಂಗೆ’ ಎಂದು ಬರೆದ ಎನ್ನಿ. ಸಂಗೊಳ್ಳಿಯ ಕಡೆಯವರೊಬ್ಬರು ಓದಿ, ‘ನಮ್ಮ ರಾಯಣ್ಣ ದಂಗೆಕೋರ ಏನ್ರಿ?’ ಎಂದು ಸಿಟ್ಟಿಗೇಳುತ್ತಾರೆ. ಸಿಟ್ಟು ನ್ಯಾಯವಾದದ್ದೇ. ಆದರೆ ಅವರು ತಿದ್ದಿ ಬರೆಯುವುದು ‘ಭಾರತದ ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’. ಈಗ ಮೂರನೆಯವರು ಬಂದು, 1806ರ ವೆಲ್ಲೂರು, 1817ರ ಒಡಿಶಾದ ಪಾಯಿಕರು ಇದಕ್ಕೂ ಮೊದಲಲ್ಲವೇ ಎಂದು ಕೇಳುತ್ತಾರೆ. ಇಂಥ ಹೊತ್ತಿನಲ್ಲಿ ಪಳಗಿದ ಕೈ ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ಮೊದಲು ತಲೆಬರಹ ಮುಟ್ಟುವುದಿಲ್ಲ. ಲೇಖನದ ಒಡಲಿಗೆ ಹೋಗಿ, ದತ್ತುಪುತ್ರ ಶಿವಲಿಂಗಪ್ಪನನ್ನು ಥ್ಯಾಕರೆ ಒಪ್ಪದಿದ್ದುದು, ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಲು ಹೊರಟದ್ದು, ಕೋಟೆಯ ಬಾಗಿಲು ಹಾಕಿಕೊಂಡದ್ದು, ಹೊರಬಂದು ಹೊಡೆದದ್ದು ಎಂದು ಕ್ರಿಯೆಗಳನ್ನು ಒಂದರ ಹಿಂದೊಂದು ಕೂರಿಸುತ್ತದೆ. ಅಷ್ಟಾದ ಮೇಲೆ ಹೆಸರುಗಳಿಗೆ ವಾರಸುದಾರರನ್ನು ಹುಡುಕುತ್ತದೆ: ಕಂಪನಿಯ ಕಾಗದಪತ್ರಗಳು ಇದನ್ನು ದಂಗೆ ಎಂದವು, ಇಂಥ ಇತಿಹಾಸಕಾರರು ಇಂಥ ಪುಸ್ತಕದಲ್ಲಿ ಸ್ವಾತಂತ್ರ್ಯ ಹೋರಾಟ ಎಂದರು. ‘ಎನ್ನಲಾಗಿದೆ’ ಇದ್ದಲ್ಲೆಲ್ಲ ಅಂದವರ ಹೆಸರು ಬರಬೇಕು, ಬಾರದಿದ್ದರೆ ವಾಕ್ಯವೇ ಹೋಗಬೇಕು. ಚೆನ್ನಮ್ಮನನ್ನು ಕನ್ನಡಿಗರು ರಾಣಿ ಎಂದೇ ಕರೆಯುತ್ತಾರೆ, ಲೇಖನವೂ ಕರೆಯಲಿ. ಕಂಪನಿಯ ಕಡತದಲ್ಲಿ ಆಕೆಯ ಗಂಡ ಮಲ್ಲಸರ್ಜ ಬರೀ ‘ದೇಸಾಯಿ’ ಎಂಬುದೂ ಪಕ್ಕದಲ್ಲಿರಲಿ. ಹಾಗೆ ಕರೆದದ್ದರಲ್ಲಿಯೇ ಅವರ ರಾಜಕೀಯ ಇತ್ತೆಂಬುದು ಓದುಗನಿಗೆ ತಾನಾಗಿ ತಿಳಿದೀತು.

ಕಾಲದ ಪ್ರಶ್ನೆಯೂ ಇದೆ, ಡಾನ್‌ಜಿಗ್‌ನಂತೆ. ‘1824ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ’ ಎಂದರೆ ತಪ್ಪು. ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದದ್ದು 1836ರಲ್ಲಿ, ಅಲ್ಲಿಯವರೆಗೆ ಎಲ್ಲ ಧಾರವಾಡ. ಬ್ರಿಟಿಷರ ಕಾಲದ ಪುಸ್ತಕದಲ್ಲಿ ಬೈಲಹೊಂಗಲ ತಾಲೂಕು ಹುಡುಕಿದರೆ ಸಿಗದು. ಆಗ ಅದರ ಹೆಸರು ಸಂಪಗಾಂವ, ಕಚೇರಿ ಮಾತ್ರ ಬೈಲಹೊಂಗಲದಲ್ಲಿ. ಇನ್ನೊಂದು ತಪ್ಪು ಶಾಲೆಯ ಗೈಡುಗಳಿಂದ ಹಿಡಿದು ಎಲ್ಲೆಡೆ ಹಬ್ಬಿದೆ: ಡಾಲ್‌ಹೌಸಿಯ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿಯಿಂದ ಕಿತ್ತೂರು ಹೋಯಿತು ಎಂಬುದು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಅಷ್ಟರಲ್ಲಿ ಚೆನ್ನಮ್ಮ ತೀರಿಕೊಂಡು ಹತ್ತೊಂಬತ್ತು ವರ್ಷ. ಕಿತ್ತೂರಿನದು ಆ ನೀತಿ ಪೂರ್ತಿ ರೂಪುಗೊಳ್ಳುವ ಮೊದಲೇ ನಡೆದ ಪ್ರಕರಣ ಎಂದರೆ ಚೆನ್ನಮ್ಮನ ಮಹತ್ವ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಇದನ್ನು ತೀರಾ ಸಮಾಧಾನದಿಂದ, ಎದುರಿನವರ ಅಭಿಮಾನಕ್ಕೆ ಪೆಟ್ಟಾಗದಂತೆ ಚರ್ಚೆ ಪುಟದಲ್ಲಿ ಹೇಳುವುದೂ ಕಸುಬಿನದೇ ಭಾಗ.

ಇಷ್ಟಾಗಿಯೂ ತಲೆಬರಹ ಬೇಕಲ್ಲ? ನನ್ನನ್ನು ಕೇಳಿದರೆ ‘ಬಂಡಾಯ’ ಎನ್ನುತ್ತೇನೆ. ಇಂಗ್ಲಿಷ್‌ನವರ ಶಬ್ದದಲ್ಲಿರುವ ರಾಜದ್ರೋಹದ ವಾಸನೆ ಕನ್ನಡದ ಬಂಡಾಯಕ್ಕೆ ಈಗ ಉಳಿದಿಲ್ಲ. 1858ರಲ್ಲಿ ನರಗುಂದದ ಬಾಬಾಸಾಹೇಬರ ಕಡೆಯವರು ರಾಮದುರ್ಗದ ಬಳಿಯ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದದ್ದು ನರಗುಂದ ಬಂಡಾಯ. ಸವದತ್ತಿ ತಾಲೂಕಿನ ನವಿಲುತೀರ್ಥದ ಆಣೆಕಟ್ಟಿನಿಂದ ನೀರು ಪಡೆಯುವ ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿಯ ವಿರುದ್ಧ 1980ರ ಜುಲೈನಲ್ಲಿ ಎದ್ದದ್ದೂ ನರಗುಂದ ಬಂಡಾಯವೇ. ಅದಕ್ಕೂ ಒಂದು ವರ್ಷ ಮೊದಲು ಸಾಹಿತಿಗಳು ತಮ್ಮ ಸಂಘಟನೆಗೆ ಆ ಹೆಸರನ್ನು ತಾವಾಗಿ ಇಟ್ಟುಕೊಂಡಿದ್ದರು. ಚುನಾವಣೆ ಬಂದರೆ ಟಿಕೆಟ್ ಸಿಗದವನೂ ಬಂಡಾಯ ಅಭ್ಯರ್ಥಿ! ನಾಲ್ಕು ಕಡೆ ತಿರುಗಿ ಬಂದ ಶಬ್ದ ಅದು. ಬೈಗುಳವೂ ಅಲ್ಲ, ಹೊಗಳಿಕೆಯೂ ಅಲ್ಲ. ‘ದಂಗೆ’ಗೂ ನಮ್ಮ ಜನರ ಬಾಯಲ್ಲಿ ಅಂಥ ಅವಮಾನವಿಲ್ಲವೆಂದು ವಾದಿಸುವವರಿದ್ದಾರೆ. ‘ಹಲಗಲಿ ಬೇಡರ ದಂಗೆ’ ಎಂದು ಅಭಿಮಾನದಿಂದಲೇ ಹೇಳುತ್ತೇವಲ್ಲ ಎಂಬುದು ಅವರ ಆಧಾರ. ಗಟ್ಟಿ ಆಧಾರವೇ. ಹಲಗಲಿಯ ಲಾವಣಿ, ಸಂಗೊಳ್ಳಿ ರಾಯಣ್ಣನ ಲಾವಣಿ, ನಮ್ಮ ಬೈಲಹೊಂಗಲದ ಸಂಗ್ಯಾನ ಲಾವಣಿಗಳನ್ನು ಫ್ಲೀಟ್ ಸಾಹೇಬ 1880ರ ದಶಕದಲ್ಲಿ ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ, ಜನರ ಬಾಯಿಯ ಮಾತಿಗೂ ವಿಶ್ವಕೋಶದಲ್ಲಿ ಅಡಿಟಿಪ್ಪಣಿ ಕೊಡಬಹುದಾಗಿದೆ. ಅಚ್ಚಾಗದ ಮಾತನ್ನು ವಿಕಿಪೀಡಿಯ ಒಪ್ಪದು. ಹಾಡಿದವರೆಲ್ಲ ಮುಗಿದ ಮೇಲೆ ಇದು ಕ್ರೂರವೆನಿಸಬಹುದು, ಆದರೆ ಈ ನಿಯಮ ಸಡಿಲಿಸಿದರೆ ವಾಟ್ಸಾಪ್ ಬಂದು ಅದರ ಜಾಗದಲ್ಲಿ ಕೂರುತ್ತದೆ.

ಎಲ್ಲ ಜಗಳವೂ ಇಷ್ಟು ಸೊಗಸಾಗಿರುತ್ತದೆ ಎಂದೇನಲ್ಲ. ಪುರಸೊತ್ತು ಹೆಚ್ಚಿದ್ದವನೇ ಗೆಲ್ಲುವುದುಂಟು. ಅಳಿಸು, ಮತ್ತೆ ಬರೆ, ಮತ್ತೆ ಅಳಿಸು ಎಂದು ಮೂರು ದಿನ ಹಗ್ಗ ಜಗ್ಗಿ ನಿರ್ವಾಹಕರು ಪುಟಕ್ಕೆ ಬೀಗ ಹಾಕುವುದುಂಟು. ಆದರೂ ಕನ್ನಡ ವಿಕಿಪೀಡಿಯದ ಕಷ್ಟ ಜಗಳ ಹೆಚ್ಚಾದದ್ದಲ್ಲ, ಸಾಲದ್ದು. ಸುಮಾರು 30 ಲಕ್ಷ ಲೇಖನವಿರುವ ಜರ್ಮನ್‌ನಲ್ಲಿ ತಪ್ಪು ಶಬ್ದ ಹಾಕಿದರೆ ಗಂಟೆಯೊಳಗೆ ಯಾರಾದರೂ ಕೊರಳಪಟ್ಟಿ ಹಿಡಿಯುತ್ತಾರೆ. ನಮ್ಮಲ್ಲಿ ತಪ್ಪು ವಾಕ್ಯ ವರ್ಷಗಟ್ಟಲೆ ನಿಶ್ಚಿಂತೆಯಿಂದ ಕೂತಿರುತ್ತದೆ, ಕೇಳುವವರಿಲ್ಲದೆ.

ಜಗಳಕ್ಕೆ ತಕ್ಕ ವಿಷಯವಂತೂ ಬೈಲಹೊಂಗಲ ತಾಲೂಕಿನಲ್ಲಿ ಬೇಕಾದಷ್ಟಿದೆ. ಕಿತ್ತೂರಿಗಿಂತ ಗಟ್ಟಿಯಾದದ್ದು ಬೆಳವಡಿ. ಹದಿನೇಳನೆಯ ಶತಮಾನದ ಎಪ್ಪತ್ತರ ದಶಕದ ಕೊನೆಗೆ ಶಿವಾಜಿಯ ಸೈನ್ಯ ಬೆಳವಡಿಗೆ ಮುತ್ತಿಗೆ ಹಾಕಿತು. ಕನ್ನಡದವರಿಗೆ ಅಲ್ಲಿ ಕಾದಿದವಳು ಮಲ್ಲಮ್ಮ. ಮರಾಠ ಇತಿಹಾಸದ ಪುಸ್ತಕಗಳಲ್ಲಿ ಆಕೆಯ ಹೆಸರು ಸಾವಿತ್ರಿಬಾಯಿ. ಅದೇ ಕಾಲದ ಇಂಗ್ಲಿಷ್ ವ್ಯಾಪಾರಿಗಳು 1678ರ ಪತ್ರವೊಂದರಲ್ಲಿ, ಎಷ್ಟೋ ರಾಜ್ಯ ಗೆದ್ದವನಿಗೆ ಈ ದೇಸಾಯಿ ಹೆಂಗಸನ್ನು ಮಣಿಸಲಾಗುತ್ತಿಲ್ಲ ಎಂಬ ಅರ್ಥದ ಮಾತು ಬರೆದರು. ಆಮೇಲೆ ಕೋಟೆ ಬಿತ್ತು ಎಂದು ಒಂದು ಕಡೆ. ಶಿವಾಜಿ ಆಕೆಯನ್ನು ಗೌರವಿಸಿ ಸಂಸ್ಥಾನ ಮರಳಿಸಿದ ಎಂದು ಇನ್ನೊಂದು ಕಡೆ. ಧಾರವಾಡದ ಹತ್ತಿರದ ಯಾದವಾಡದಲ್ಲಿರುವ ಕೆತ್ತನೆಯ ಕಲ್ಲು ಈ ಕತೆಗೇ ಸೇರಿದ್ದು ಎಂದು ಮತ್ತೊಂದು ಕಡೆ. ‘ತಡೆದಳು’, ‘ಸೋಲಿಸಿದಳು’, ‘ಸೆರೆಯಾದಳು’, ‘ಸಂಧಿ ಮಾಡಿಕೊಂಡಳು’: ಇವುಗಳಲ್ಲಿ ಯಾವ ಕ್ರಿಯಾಪದ ಬರೆದರೂ ಒಂದು ಕಡೆಯವರು ಎದ್ದು ನಿಲ್ಲುತ್ತಾರೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಓದಬಲ್ಲ, ಮೂರೂ ಕಡೆಯ ಸಿಟ್ಟು ತಡೆದುಕೊಳ್ಳಬಲ್ಲ ಒಬ್ಬರು ಇದರ ಚರ್ಚೆ ಪುಟ ತೆರೆದು ಕೂತರೆ ಒಂದಿಡೀ ಮಳೆಗಾಲಕ್ಕೆ ಸಾಕಾಗುವಷ್ಟು ಕೆಲಸವಿದೆ. ಅಂಥವರು ಈ ತಾಲೂಕಿನಲ್ಲಿ ಮನೆಗೊಬ್ಬರಲ್ಲದಿದ್ದರೂ ಓಣಿಗೊಬ್ಬರಾದರೂ ಇದ್ದಾರೆ.